ಅಣುತ್ಯಾಜ್ಯಕ್ಕೆ ಕಲ್ಲಿನ ಕಾವಲು

ಅಣುತ್ಯಾಜ್ಯ ಎಂದೊಡನೆ ಬಹಳ ಜನರ ಕಣ್ಣಿಗೆ ಕಟ್ಟುವುದು ತುಕ್ಕು ಹಿಡಿದ ಪೀಪಾಯಿ, ಅದರ ತಳದಿಂದ ಜಿನುಗುವ ಹಸಿರು ದ್ರವ. ಆ ತ್ಯಾಜ್ಯದಲ್ಲಿರುವ ಪ್ಲುಟೋನಿಯಂ-239ರ ಅರ್ಧಾಯುಷ್ಯವೇ ಸುಮಾರು 24,100 ವರ್ಷ. ಅಷ್ಟು ಕಾಲ ಬಾಳುವ ಪೀಪಾಯಿ ಎಲ್ಲಿದೆ ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಆ ಹೊಣೆಯನ್ನು ಯಾವ ವಿಜ್ಞಾನಿಯೂ ಉಕ್ಕಿನ ಡಬ್ಬಿಯೊಂದಕ್ಕೇ ವಹಿಸಿಲ್ಲ. ತೀವ್ರ ವಿಕಿರಣದ ದ್ರವವನ್ನು ಮೊದಲು ಘನವಾಗಿಸುತ್ತಾರೆ. ನಮ್ಮ ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಅದನ್ನು ಬೋರೋಸಿಲಿಕೇಟ್ ಗಾಜಿನೊಳಗೆ ಕರಗಿಸಿ ಎರಕ ಹೊಯ್ಯುತ್ತಾರೆ.

ತಪ್ಪು ಕಲ್ಪನೆ: ಅಷ್ಟು ವರ್ಷ ಉಳಿಯುವ ವಸ್ತುವೇ ಇಲ್ಲ

ಇದೆ, ನೆಲದಲ್ಲೇ ಇದೆ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಹರಳುಗಳಲ್ಲಿ ಕೆಲವಕ್ಕೆ 440 ಕೋಟಿ ವರ್ಷ ವಯಸ್ಸು. ಹುಟ್ಟುವಾಗ ಒಳಗೆ ಸೇರಿಕೊಂಡ ಯುರೇನಿಯಂ, ಅದು ಕ್ಷಯಿಸಿ ಆದ ಸೀಸ ಎರಡೂ ಅಲ್ಲೇ ಉಳಿದಿರುವುದರಿಂದಲೇ ಆ ವಯಸ್ಸನ್ನು ಅಳೆಯಲಾಯಿತು.

ತ್ಯಾಜ್ಯವನ್ನು ಹಿಡಿದಿಡಲು ಇಂಥ ಖನಿಜಗಳನ್ನು ನಾವೇ ಏಕೆ ತಯಾರಿಸಬಾರದು ಎಂದು 1978ರಲ್ಲಿ ಯೋಚಿಸಿದವರು ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಭೂರಸಾಯನ ವಿಜ್ಞಾನಿ ಟೆಡ್ ರಿಂಗ್‌ವುಡ್. ಅವರ ಸಿನ್‌ರಾಕ್ ಎಂಬ ಕೃತಕ ಶಿಲೆಯಲ್ಲಿ ಟೈಟಾನಿಯಂ ಆಧಾರಿತ ಮೂರು ಮುಖ್ಯ ಖನಿಜಗಳಿವೆ. ಹಾಲಂಡೈಟ್‌ನ ಹರಳಿನೊಳಗೆ ಸುರಂಗದಂಥ ಓಣಿಗಳಿವೆ, ತ್ಯಾಜ್ಯದ ಸೀಸಿಯಂ ಪರಮಾಣು ಅಲ್ಲಿ ಕೂರುತ್ತದೆ. ಪೆರೊವ್‌ಸ್ಕೈಟ್‌ನಲ್ಲಿ ಕ್ಯಾಲ್ಸಿಯಂ ಇರಬೇಕಾದ ಜಾಗವನ್ನು ಸ್ಟ್ರಾಂಷಿಯಂ ಹಿಡಿಯುತ್ತದೆ. ಯುರೇನಿಯಂ, ಪ್ಲುಟೋನಿಯಂಗಳ ಮನೆ ಜಿರ್ಕೊನೊಲೈಟ್. ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತಡ ಹಾಕಿ ಸಿನ್‌ರಾಕ್ ತಯಾರಿಸುವಾಗ ತ್ಯಾಜ್ಯದ ಪರಮಾಣುಗಳು ಹರಳಿನ ಕಟ್ಟಡಕ್ಕೇ ಇಟ್ಟಿಗೆಗಳಾಗಿಬಿಡುತ್ತವೆ. ಈ ವಿಚಾರದ ಚೆಲುವೆಲ್ಲ ಇಲ್ಲಿಯೇ ಇದೆ ಎನ್ನುವುದು ನನ್ನ ಅಭಿಪ್ರಾಯ.

ತಪ್ಪು ಕಲ್ಪನೆ: ಕಲ್ಲಾಗಿಸಿದರೆ ಮುಗಿಯಿತು, ಇನ್ನು ಚಿಂತೆಯಿಲ್ಲ

ಪರಮಾಣು ಉದ್ಯಮದ ಪರವಾಗಿ ಮಾತಾಡುವವರಲ್ಲಿ ಕಾಣುವ ಈ ನಂಬಿಕೆಯೂ ಅಷ್ಟೇ ತಪ್ಪು. ಪ್ಲುಟೋನಿಯಂ ಪರಮಾಣು ಆಲ್ಫಾ ಕಣವನ್ನು ಉಗುಳಿದಾಗ ಹಿಂದಕ್ಕೆ ಒದೆಸಿಕೊಂಡು ಸುತ್ತಲಿನ ಪರಮಾಣುಗಳ ಸಾಲನ್ನು ಚೆಲ್ಲಾಪಿಲ್ಲಿ ಮಾಡುತ್ತದೆ. ಬಹುಕಾಲ ಹೀಗಾದರೆ ಹರಳು ಉಬ್ಬುತ್ತದೆ, ಒಳಗಿನ ಕ್ರಮ ಕಳೆದುಕೊಂಡು ಗಾಜಿನಂತಾಗುತ್ತದೆ. ಶ್ರೀಲಂಕಾದಲ್ಲಿ ಸಿಕ್ಕ, ಸುಮಾರು 55 ಕೋಟಿ ವರ್ಷ ಹಳೆಯ ಜಿರ್ಕೊನೊಲೈಟ್‌ಗಳಿಗೆ ಈ ಗತಿಯೇ ಬಂದಿದೆ. ಆದರೂ ಯುರೇನಿಯಂ, ಥೋರಿಯಂಗಳನ್ನು ಅವು ಬಿಟ್ಟುಕೊಟ್ಟಿಲ್ಲ. ನೀರಿನೆದುರು ಪೆರೊವ್‌ಸ್ಕೈಟ್ ಅಷ್ಟು ಗಟ್ಟಿಗನಲ್ಲ. ಹಾಗಾಗಿ ಯಾವ ಖನಿಜ ಯಾವ ಧಾತುವನ್ನು ಎಷ್ಟು ಕಾಲ ಹಿಡಿಯುತ್ತದೆ ಎಂದು ಒಂದೊಂದಾಗಿಯೇ ಕೇಳಬೇಕು.

ಗ್ಯಾಬೊನ್ ದೇಶದ ಓಕ್ಲೊ ಯುರೇನಿಯಂ ಗಣಿಯಲ್ಲಿ 1972ರಲ್ಲಿ ಪತ್ತೆಯಾದ ನೈಸರ್ಗಿಕ ರಿಯಾಕ್ಟರ್‌ ಕೂಡ ಇದನ್ನೇ ಹೇಳುತ್ತದೆ. ಸುಮಾರು 200 ಕೋಟಿ ವರ್ಷಗಳ ಹಿಂದೆ ಅಲ್ಲಿ ತಾನಾಗಿಯೇ ಹುಟ್ಟಿದ ಪ್ಲುಟೋನಿಯಂ ಹುಟ್ಟಿದಲ್ಲೇ ಕ್ಷಯಿಸಿತು. ಸೀಸಿಯಂ ಮಾತ್ರ ಬಹುಪಾಲು ಹೊರಟುಹೋಯಿತು.

ತಪ್ಪು ಕಲ್ಪನೆ: ಮಣ್ಣಿನಲ್ಲಿ ಹೂತರೆ ನೀರು ಒಳನುಗ್ಗುತ್ತದೆ

ಯಾವ ಮಣ್ಣು ಎನ್ನುವುದು ಮುಖ್ಯ. ಫಿನ್ಲೆಂಡಿನ ಒಂಕಾಲೊದಲ್ಲಿ, 400 ಮೀಟರಿಗೂ ಆಳದ ಬಂಡೆಯಲ್ಲಿ, ಬಳಸಿದ ಇಂಧನವಿರುವ ತಾಮ್ರದ ಕವಚಗಳ ಸುತ್ತ ಬೆಂಟೊನೈಟ್ ಜೇಡಿಯನ್ನು ತುಂಬುವ ಯೋಜನೆಯಿದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಧಾರವಾಡ, ವಿಜಯಪುರದ ಎರೆಹೊಲ ಮಳೆ ಬಿದ್ದೊಡನೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದಲ್ಲ, ಬೆಂಟೊನೈಟ್ ಅದೇ ಜಾತಿಯ ಜೇಡಿ. ನೀರು ತಾಕಿದಷ್ಟೂ ಉಬ್ಬಿ ಸಂದುಗಳನ್ನು ಬಿಗಿಯುತ್ತದೆ. ಋಣ ವಿದ್ಯುದಾವೇಶದ ಅದರ ಪದರಗಳು ಸೀಸಿಯಂನಂಥ ಧನ ಅಯಾನುಗಳನ್ನು ಹಿಡಿದುಕೊಳ್ಳುತ್ತವೆ.

ತಪ್ಪು ಕಲ್ಪನೆ: ಕೋಲಾರದ ಗಣಿಯಲ್ಲಿ ಅಣುತ್ಯಾಜ್ಯ ಇಟ್ಟಿದ್ದಾರೆ

ಕೂಡಂಕುಳಂ ಸ್ಥಾವರದ ತ್ಯಾಜ್ಯ ಕೆಜಿಎಫ್‌ಗೆ ಬರುತ್ತದೆಂದು 2012ರಲ್ಲಿ ಸುದ್ದಿ ಹರಡಿ ಪ್ರತಿಭಟನೆಗಳಾದವು. ಸರ್ಕಾರ ಅದನ್ನು ನಿರಾಕರಿಸಿತು. ಅದಕ್ಕೂ ಮೊದಲು, ಗಣಿ ನಡೆಯುತ್ತಿದ್ದ ಕಾಲದಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ ಒಂದು ಪ್ರಯೋಗ ನಡೆದದ್ದು ನಿಜ. ತ್ಯಾಜ್ಯದ ಬದಲು ವಿದ್ಯುತ್ ಹೀಟರುಗಳನ್ನು ಇಟ್ಟು, ಬಿಸಿಗೆ ಬಂಡೆ ಹೇಗೆ ವರ್ತಿಸುತ್ತದೆ ಎಂದು ಅಳೆದರು. ಇದನ್ನು ಅಲ್ಲಿನ ಕಾರ್ಮಿಕ ಕುಟುಂಬಗಳಿಗೆ ಅವರ ಮಾತಿನಲ್ಲೇ, ಮೊದಲೇ ಬಿಡಿಸಿ ಹೇಳಬೇಕಿತ್ತು. ಭಾರತದಲ್ಲಿ ಆಳದ ಶಾಶ್ವತ ಭಂಡಾರ ಇನ್ನೂ ಆಗಿಲ್ಲ. ಜಾಗ ಆರಿಸುವ ದಿನ ಬಂದಾಗ ಆ ಊರಿನವರಿಗೆ ಬಂಡೆಯ, ಜೇಡಿಯ, ಹರಳಿನ ಲೆಕ್ಕವನ್ನೆಲ್ಲ ಮುಂದಿಟ್ಟೇ ಒಪ್ಪಿಗೆ ಕೇಳಬೇಕು.