ಪ್ರಳಯದ ನಡುವೆ ಒಂದು ಸಂಸಾರ

ಅಮೆರಿಕದ ‘ದಿ ಲಾಸ್ಟ್ ಆಫ್ ಅಸ್’ ಧಾರಾವಾಹಿಯ ಮೂರನೆಯ ಕಂತು 2023ರ ಜನವರಿ 29ರಂದು ಪ್ರಸಾರವಾಯಿತು. ಶಿಲೀಂಧ್ರರೋಗದಿಂದ ಹಾಳಾದ ಲೋಕದ ಮುಖ್ಯ ಕಥೆಯನ್ನು ಬದಿಗಿರಿಸಿ, ಬಿಲ್ ಮತ್ತು ಫ್ರಾಂಕ್ ಎಂಬ ಇಬ್ಬರು ಪುರುಷರ ದೀರ್ಘ ಸಹಬಾಳ್ವೆಯನ್ನು ಅದು ಹಿನ್ನೋಟವಾಗಿ ಹೇಳಿತು.

ಪ್ರೇಕ್ಷಕರಲ್ಲಿ ಪಕ್ಷಭೇದವಾಯಿತು. ಕಣ್ಣೀರಿಟ್ಟವರು ಅನೇಕರು, ಅದರಲ್ಲಿ ಕೇಳಿಬಂದ ಲಿಂಡಾ ರಾನ್‌ಸ್ಟಾಟ್ ಅವರ 1970ರ ಹಾಡನ್ನು ಜನರು ಮತ್ತೆ ಹುಡುಕಿ ಆಲಿಸಿದರು. ಬಿಲ್ ಪಾತ್ರಧಾರಿ ನಿಕ್ ಆಫರ್‌ಮನ್ ಅವರಿಗೆ ಎಮ್ಮಿ ಪ್ರಶಸ್ತಿಯೂ ದೊರೆಯಿತು. ಆದರೆ ಕಥೆ ಮುಂದೆ ಸಾಗಲಿಲ್ಲವೆಂದು ಕೆಲವರು ಗೊಣಗಿದರು. ಇಬ್ಬರು ಗಂಡಸರ ಪ್ರೇಮವನ್ನು ಸಹಿಸದ ಕೆಲವರು ಕನಿಷ್ಠ ಅಂಕವಿತ್ತರು. 2013ರ ಮೂಲ ವಿಡಿಯೋ ಆಟದಲ್ಲಿ ಫ್ರಾಂಕ್ ಕಹಿ ಪತ್ರವೊಂದನ್ನು ಬರೆದಿಟ್ಟು ಸತ್ತಿರುತ್ತಾನೆ, ಬಿಲ್ ಒಂಟಿಯಾಗಿರುತ್ತಾನೆ. ಆ ಆಟವನ್ನು ಬಲ್ಲವರಿಗೆ ಈ ಮಾರ್ಪಾಡು ಚರ್ಚೆಯ ವಿಷಯವಾಯಿತು.

ಕಥೆ ನಿಂತಿತೆಂಬ ಆಕ್ಷೇಪ ನಿಲ್ಲುವಂತಹದಲ್ಲ. ಬಿಲ್ ಬಿಟ್ಟುಹೋದ ಪತ್ರವನ್ನು ಕೇಳಿದ ಮೇಲೆಯೇ ಕಥಾನಾಯಕ ಜೋಯೆಲ್, ತನ್ನೊಡನಿದ್ದ ಬಾಲೆಯನ್ನು ಮುಂದಕ್ಕೆ ಕರೆದೊಯ್ಯಲು ಮನಸ್ಸು ಮಾಡುತ್ತಾನೆ. ಕಳೆದುದು ಏನೆಂದು ತಿಳಿಯದವನಿಗೆ ಉಳಿದುದನ್ನು ಕಾಯುವ ಛಲ ಎಲ್ಲಿಂದ ಬರಬೇಕು?

ನಮ್ಮ ಪುಣೆಯೂ ಒಂದು ಪ್ರಳಯವನ್ನು ಕಂಡ ಊರು. 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು, ಮುಠಾ ನದಿ ಪೇಟೆಗಳೊಳಕ್ಕೆ ನುಗ್ಗಿತು. ಅದನ್ನು ಕಂಡ ಹಿರಿಯರು ಮನೆಯಲ್ಲಿದ್ದರೆ, ವಾಚಕರು ನೀರು ಎಷ್ಟು ಏರಿತೆಂದು ಕೇಳುವ ಮುನ್ನ, ಅದಕ್ಕೆ ಹಿಂದಿನ ದಿನ ಆ ಮನೆ ಹೇಗಿತ್ತೆಂದು ಕೇಳಲಿ.