ಹಳೆಯ ಕಾರಿನಲ್ಲಿ ಹಳೆಯದು ಎಷ್ಟು ಉಳಿದಿರಬೇಕು?

1990ರಲ್ಲಿ ಲಂಡನ್ನಿನ ಹೈಕೋರ್ಟಿಗೆ ಒಂದು ಅಪರೂಪದ ವ್ಯಾಜ್ಯ ಬಂತು. ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರೊಂದಕ್ಕೆ 1 ಕೋಟಿ ಪೌಂಡ್ ಕೊಡಲು ಒಪ್ಪಿದ್ದ ಕಂಪನಿ, ಇದು ಅಸಲಿ ಕಾರೇ ಅಲ್ಲ ಎಂದು ತಕರಾರು ತೆಗೆದಿತ್ತು. ಆ ಕಾರಿನ ಹೆಸರು ‘ಓಲ್ಡ್ ನಂಬರ್ ವನ್’. 1929 ಮತ್ತು 1930ರಲ್ಲಿ ಎರಡು ಸಲ ಲೆ ಮಾನ್ಸ್ ರೇಸ್ ಗೆದ್ದ ಕಾರು ಅದು. ಎರಡು ಸಲವೂ ಸ್ಟಿಯರಿಂಗ್ ಹಿಡಿದವರಲ್ಲಿ ಬೆಂಟ್ಲಿ ಕಂಪನಿಗೆ ಹಣ ಹಾಕಿದ್ದ ವುಲ್ಫ್ ಬರ್ನಾಟೊ ಒಬ್ಬ.

ಗೆದ್ದ ಕಾರು ಗೆದ್ದ ಹಾಗೆಯೇ ಉಳಿಯಲಿಲ್ಲ. ರೇಸಿನಿಂದ ರೇಸಿಗೆ ಬಿಡಿಭಾಗಗಳು ಬದಲಾದವು. 1932ರ ಹೊತ್ತಿಗೆ ಅದಕ್ಕೆ 8 ಲೀಟರ್ ಎಂಜಿನ್ ಬಂದಿತ್ತು. ಅದೇ ವರ್ಷ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಅದು ಉರುಳಿ, ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ತೀರಿಕೊಂಡ. ಆಮೇಲೆ ಅದು ಮುಚ್ಚಿದ ಕೂಪೆ ಆಯಿತು. ದಶಕಗಳು ಕಳೆದ ಮೇಲೆ ಮತ್ತೆ ತೆರೆದ ರೇಸ್ ಕಾರಿನ ಮೈ ತೊಟ್ಟಿತು. 1930ರ ಕಾರಿನದು ಎಂದು ಹೇಳಬಹುದಾದದ್ದು ಪೆಡಲ್ ಶಾಫ್ಟ್, ಗೇರ್‌ಬಾಕ್ಸಿನ ಕವಚ, ಸ್ಟಿಯರಿಂಗ್ ಕಾಲಮ್ಮು, ಅಷ್ಟೇ ಎಂದು ನ್ಯಾಯಮೂರ್ತಿ ಆಟನ್ ಕಂಡುಕೊಂಡರು. ಆದರೂ ಕಾರು ಅಸಲಿಯೇ ಎಂದು ತೀರ್ಪು ಕೊಟ್ಟರು. ಅದರ ಬದುಕು ಎಲ್ಲಿಯೂ ತುಂಡಾಗಿರಲಿಲ್ಲ, ಒಂದು ರೂಪ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತ ಬಂದಿತ್ತು, ಆ ಹೆಸರಿಗೆ ಹಕ್ಕುದಾರನಾಗಿ ಬೇರೊಂದು ಕಾರು ಇರಲಿಲ್ಲ. ಕಂಪನಿ ಕೊಟ್ಟ ಮಾತಿಗೆ ಬದ್ಧವಾಗಬೇಕಾಯಿತು.

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಪೇಟೆ ಮಾತ್ರ ಅಷ್ಟು ಉದಾರವಲ್ಲ. ಮಾರ್ಪಟ್ಟ ಕಾರು ತನ್ನ ಹಳೆಯ ನೋಂದಣಿಯನ್ನು ಉಳಿಸಿಕೊಳ್ಳಬಹುದೇ ಎಂದು ಅಳೆಯಲು ಬ್ರಿಟನ್ನಿನ ನೋಂದಣಿ ಇಲಾಖೆ ಬಹುಕಾಲ ಒಂದು ಅಂಕಪಟ್ಟಿ ಬಳಸಿತು. ಅದರಲ್ಲಿ ಚಾಸಿಗೆ 5 ಅಂಕ, ಎಂಜಿನ್ನಿಗೆ ಬರೀ 1. ಕೊಳ್ಳುವವರು ನೋಡುವ ರೀತಿ ಬೇರೆ. ಜಾಗ್ವಾರ್ ಇ-ಟೈಪ್ ನೋಡಲು ಬಂದವರು ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಎಂಜಿನ್ ಬ್ಲಾಕಿನ ಮೇಲೆ ಕೊರೆದ ಸಂಖ್ಯೆಯನ್ನು ಹುಡುಕುತ್ತಾರೆ. ಎಣ್ಣೆಜಿಡ್ಡು ಒರೆಸಿ ಅಂಕಿಗಳನ್ನು ಒಂದೊಂದಾಗಿ ಓದಿ, ಕಾರ್ಖಾನೆಯ ದಾಖಲೆ ನೋಡಿ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುವ ಪ್ರಮಾಣಪತ್ರಕ್ಕೆ ತಾಳೆ ಹಾಕುತ್ತಾರೆ. ಚಾಸಿ, ಎಂಜಿನ್, ಗೇರ್‌ಬಾಕ್ಸುಗಳ ಸಂಖ್ಯೆ, ಮೊದಲ ಬಣ್ಣ, ಕಾರು ತಯಾರಾದ ದಿನ ಎಲ್ಲ ಅದರಲ್ಲಿರುತ್ತವೆ. ಸಂಖ್ಯೆ ಕೂಡಿಬರದಿದ್ದರೆ ಬೆಲೆ ಇಳಿಯುತ್ತದೆ.

ಕಾಗದದ ಬಲ ಎಷ್ಟೆಂಬುದಕ್ಕೆ ಆಸ್ಟಿನ್-ಹೀಲಿ 100ಎಂ ನೋಡಬೇಕು. ಕಾರ್ಖಾನೆಯಲ್ಲೇ ತಯಾರಾದವು 640. ಆದರೆ ಅವುಗಳಲ್ಲಿದ್ದ, ಎಂಜಿನ್ನಿನ ಬಲ ಹೆಚ್ಚಿಸುವ ಲೆ ಮಾನ್ಸ್ ಕಿಟ್ಟನ್ನು ಸಾಮಾನ್ಯ 100 ಮಾಡೆಲ್ಲಿಗೂ ಜೋಡಿಸಿಕೊಳ್ಳಬಹುದಿತ್ತು. ಕಾರ್ಬುರೇಟರು ಅದೇ, ವೇಗವೂ ಸರಿಸುಮಾರು ಅಷ್ಟೇ. ಆದರೂ ದಾಖಲೆಯಲ್ಲಿ ಕಾರ್ಖಾನೆಯ 100ಎಂ ಎಂದು ನಮೂದಾದ ಕಾರಿಗೇ ಹೆಚ್ಚು ಹಣ.

ಹಾಗಾದರೆ ಮಾರ್ಪಾಡು ತಪ್ಪೇ? ಓಡಿಸುವವರ ಕಷ್ಟವೂ ದೊಡ್ಡದೇ. 1961ರಲ್ಲಿ ಬಂದ 3.8 ಲೀಟರ್ ಇ-ಟೈಪಿನ ಮಾಸ್ ಗೇರ್‌ಬಾಕ್ಸಿನಲ್ಲಿ ಫಸ್ಟ್ ಗೇರಿಗೆ ಸಿಂಕ್ರೊಮೆಷ್ ಇರಲಿಲ್ಲ; ಚಲಿಸುವಾಗ ಅದಕ್ಕೆ ಬದಲಿಸಲು ಹೋದರೆ ಹಲ್ಲು ಕಡಿದ ಸದ್ದು. ಬ್ರೇಕಿನ ಬಗ್ಗೆಯೂ ದೂರುಗಳಿದ್ದವು. 1964ರ 4.2 ಲೀಟರ್ ಮಾಡೆಲ್ಲಿನಲ್ಲಿ ಜಾಗ್ವಾರೇ ಇವನ್ನೆಲ್ಲ ಸುಧಾರಿಸಿತು. ಹೀಗಿರುವಾಗ ಮಾಲೀಕರು ಐದು ಗೇರಿನ ಹೊಸ ಪೆಟ್ಟಿಗೆ ಕೂರಿಸಿಕೊಂಡರೆ ಅದನ್ನು ಅಪರಾಧವೆನ್ನಲು ಆಗದು. ಹಳೆಯ ಗೇರ್‌ಬಾಕ್ಸನ್ನು ಗುಜರಿಗೆ ಹಾಕುವುದು ಮಾತ್ರ ದೊಡ್ಡ ತಪ್ಪು. ಬೋಲ್ಟು ಬಿಚ್ಚಿ ಹಿಂದಕ್ಕೆ ತರಬಹುದಾದ ಬದಲಾವಣೆ ಒಂದು, ಗ್ಯಾಸ್ ಕಟರಿನಿಂದ ಚಾಸಿ ಕೊಯ್ದು ಮಾಡಿದ ಬದಲಾವಣೆ ಇನ್ನೊಂದು. ಬೆಲೆ ಕಟ್ಟುವಾಗ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. 2018ರಲ್ಲಿ ಆಸ್ಟನ್ ಮಾರ್ಟಿನ್ ತನ್ನ 1970ರ ಡಿಬಿ6 ಕಾರೊಂದಕ್ಕೆ ವಿದ್ಯುತ್ ಮೋಟರ್ ಕೂರಿಸಿದಾಗಲೂ, ಬೇಕೆಂದಾಗ ಹಳೆಯ ಎಂಜಿನ್ನನ್ನೇ ಮರಳಿ ಇಡಬಹುದೆಂದು ಒತ್ತಿ ಹೇಳಿತ್ತು.

ಅತಿಯಾದ ರಿಸ್ಟೋರೇಶನ್ನೂ ಹಾನಿಯೇ. ಹೊಳಪಿನ ಹುಚ್ಚಿನಲ್ಲಿ ಹಳೆಯ ಬಣ್ಣ ಕೆರೆದುಹಾಕಿದರೆ ಕಾರಿನ ಮೈಮೇಲಿನ ಸಾಕ್ಷ್ಯವೇ ಹೋಯಿತು. ಅಂಥ ಸಾಕ್ಷ್ಯಕ್ಕೂ ಬೆಲೆಯಿದೆ. 1955ರ ಲೆ ಮಾನ್ಸ್ ದುರಂತದಲ್ಲಿ 80ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಮರ್ಸಿಡಿಸ್ ಕಾರು ಬಂದು ಡಿಕ್ಕಿ ಹೊಡೆದದ್ದು ಲ್ಯಾನ್ಸ್ ಮ್ಯಾಕ್ಲಿನ್ ಓಡಿಸುತ್ತಿದ್ದ ಆಸ್ಟಿನ್-ಹೀಲಿ 100ಎಸ್‌ಗೆ. ಅದೇ ಕಾರು 2011ರ ಹರಾಜಿಗೆ ಬಂದಾಗ ಅದಕ್ಕೆ ಹೊಸ ರೂಪ ಕೊಟ್ಟಿರಲಿಲ್ಲ. ಮಾರಾಟವಾದದ್ದು 8,43,000 ಪೌಂಡಿಗೆ.

ಮತ್ತೊಂದು ತುದಿಯಲ್ಲಿ ಜನಸಾಮಾನ್ಯರ ಎಂಜಿಬಿ ಇದೆ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ತುಕ್ಕು ಅವುಗಳ ಹುಟ್ಟುರೋಗ. 1988ರಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಹಳೆಯ ಅಚ್ಚುಗಳನ್ನೇ ಬಳಸಿ ಇಡೀ ಬಾಡಿ ಶೆಲ್ಲನ್ನು ಹೊಸದಾಗಿ ತಯಾರಿಸತೊಡಗಿತು. ಅದರಿಂದ ಎಷ್ಟೋ ಎಂಜಿಬಿಗಳು ಮತ್ತೆ ರಸ್ತೆಗಿಳಿದವು. ಇಲ್ಲಿ ಹೊಸ ತಗಡು ಬಂತೆಂದು ಮೂಗು ಮುರಿಯುವುದು ಸರಿಯಲ್ಲ, ಅದನ್ನು ಮುಚ್ಚಿಡದೆ ಹೇಳಿ ಮಾರಿದರೆ ಸಾಕು.

ಭಾರತದಲ್ಲಿ ಹಳೆಯ ಕಾರಿಟ್ಟುಕೊಂಡವರಿಗೂ ಈಗ ಈ ಲೆಕ್ಕ ತಪ್ಪಿದ್ದಲ್ಲ. 2021ರ ಕೇಂದ್ರ ನಿಯಮದ ಪ್ರಕಾರ, 50 ವರ್ಷ ದಾಟಿ, ಮೂಲರೂಪದಲ್ಲೇ ಇದ್ದು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಭಾರೀ ಬದಲಾವಣೆ ಆಗದ ವಾಹನಕ್ಕೆ ಮಾತ್ರ ವಿಂಟೇಜ್ ಮಾನ್ಯತೆ. ಹೊಸ ನೋಂದಣಿ ಶುಲ್ಕ 20,000 ರೂಪಾಯಿ. ಕರ್ನಾಟಕದ ಕಾರಾದರೆ ‘ಕೆಎ’ ಪಕ್ಕದಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ.