ಬೀಳು ಹೊಲಕ್ಕೆ ಎಷ್ಟು ಅಶ್ವಶಕ್ತಿಯ ಟ್ರ್ಯಾಕ್ಟರು?

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಲವರಿಗೆ ಬೀದರ, ಕಲಬುರಗಿ, ರಾಯಚೂರು ಸೀಮೆಗಳಲ್ಲಿ ಪಿತ್ರಾರ್ಜಿತ ಹೊಲಗಳುಂಟು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಆ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ನೌಕರಿ, ವ್ಯಾಪಾರಗಳ ನಿಮಿತ್ತ ಅನೇಕ ಮನೆತನಗಳು ಇಲ್ಲಿಯೇ ಉಳಿದವು. ಹೊಲ ಅಲ್ಲಿ, ಒಡೆಯ ಇಲ್ಲಿ ಎಂದಾದಾಗ ಕೆಲವೆಡೆ ಭೂಮಿ ಬೀಳು ಬಿದ್ದು ಜಾಲಿ ಬೆಳೆಯುವುದು ಸಹಜವೇ. ನಿವೃತ್ತಿಯ ಹಣ ಕೈಗೆ ಬಂದಾಗ, ಅಥವಾ ಮಗನೊಬ್ಬ ಊರಿಗೆ ಮರಳುವೆನೆಂದಾಗ, ಮೊದಲು ಏಳುವ ಪ್ರಶ್ನೆ ಒಂದೇ: ಎಂತಹ ಟ್ರ್ಯಾಕ್ಟರು ಕೊಳ್ಳಬೇಕು? ಹೊಲವನ್ನೇ ಅಡವಿಟ್ಟು ಸಾಲ ತೆಗೆಯುವವರಿರುವುದರಿಂದ ಇದು ಕೇವಲ ಯಂತ್ರದ ಪ್ರಶ್ನೆಯಲ್ಲ, ಮನೆತನದ ಪ್ರಶ್ನೆ.

ಮೊದಲಿಗೆ ತಿಳಿಯಬೇಕಾದುದೆಂದರೆ, ಬೀಳು ಒಡೆಯುವುದು ಬೇರೆ, ಬೇಸಾಯ ಮಾಡುವುದು ಬೇರೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಧ್ಯ ಭಾರತದ ಎರೆ ನೆಲದಲ್ಲಿ ಕಾಂಸ್ ಎಂಬ ಆಳಬೇರಿನ ಹುಲ್ಲು ಹಬ್ಬಿ ಲಕ್ಷಾಂತರ ಎಕರೆ ಹಾಳಾಗಿತ್ತು. ಅದನ್ನು ಹಸನು ಮಾಡಲು ಯಂತ್ರಗಳನ್ನು ತರಿಸುವುದಕ್ಕಾಗಿ ಭಾರತ ಸರ್ಕಾರವು 1949ರಲ್ಲಿ ವಿಶ್ವಬ್ಯಾಂಕಿನಿಂದ ಒಂದು ಕೋಟಿ ಡಾಲರು ಸಾಲ ಪಡೆಯಿತು. ಕೇಂದ್ರ ಟ್ರ್ಯಾಕ್ಟರು ಸಂಸ್ಥೆಯ ಭಾರಿ ಸರಪಳಿಗಾಲಿಯ ಯಂತ್ರಗಳು ಬೀಳು ಒಡೆದುಕೊಟ್ಟವು. ಅನಂತರದ ಬೇಸಾಯವನ್ನು ರೈತರು ತಮ್ಮ ಸಾಧನಗಳಿಂದಲೇ ನಡೆಸಿದರು. ಒಮ್ಮೆ ಮಾಡುವ ಕೆಲಸಕ್ಕೆ ಬಾಡಿಗೆಯ ಯಂತ್ರ, ವರ್ಷವರ್ಷವೂ ಮಾಡುವ ಕೆಲಸಕ್ಕೆ ಸ್ವಂತ ಯಂತ್ರ ಎಂಬ ನೀತಿ ಈಗಲೂ ಸರಿಯಾದದ್ದೇ.

ನಮ್ಮ ಕಡೆಯ ಶತ್ರು ಕಾಂಸ್ ಅಲ್ಲ, ಬಳ್ಳಾರಿ ಜಾಲಿ. ಇಲ್ಲಿಯ ತೆಲುಗರು ಇದನ್ನೇ ಸರ್ಕಾರು ತುಮ್ಮ ಎನ್ನುತ್ತಾರೆ. ಅಮೆರಿಕ ಖಂಡದಿಂದ ಬಂದ ಈ ಗಿಡವನ್ನು ನೆಲಮಟ್ಟಕ್ಕೆ ಕಡಿದರೆ ಬುಡದಿಂದ ಮತ್ತೆ ಹತ್ತಾರು ಚಿಗುರು ಒಡೆಯುತ್ತವೆ. ನೆಲದೊಳಗಿನ ಬುಡವನ್ನು ಬೇರಿನ ಮೇಲ್ಭಾಗದ ಸಮೇತ ಕಿತ್ತರೆ ಮಾತ್ರ ಅದು ಸಾಯುತ್ತದೆ. ಈ ಕೆಲಸಕ್ಕೆ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಮಣ್ಣು ಅಗೆಯುವ ಯಂತ್ರವೇ ಯೋಗ್ಯ. ಇನ್ನೊಂದು ಮಾತು: ಅದರ ಮುಳ್ಳು ಟ್ರ್ಯಾಕ್ಟರಿನ ಟೈರನ್ನೂ ಚುಚ್ಚಿಹೋಗುತ್ತದೆ. ಮುಳ್ಳುಕಂಟಿಯನ್ನು ಆರಿಸಿ ತೆಗೆಯುವ ತನಕ ಹೊಸ ಟ್ರ್ಯಾಕ್ಟರನ್ನು ಹೊಲಕ್ಕೆ ಇಳಿಸಬಾರದು.

ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಬೊಡ್ಡೆ ಕೀಳುವವರು ಒಂದು ಅಪಾಯವನ್ನು ಅರಿತಿರಬೇಕು. ಸರಪಳಿಯನ್ನು ಹಿಂದಿನ ಅಚ್ಚಿಗೋ ಅದಕ್ಕಿಂತ ಮೇಲಿನ ಕೊಂಡಿಗೋ ಬಿಗಿದು ಎಳೆದಾಗ ಬೊಡ್ಡೆ ಜಗ್ಗದಿದ್ದರೆ, ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಚಾಲಕನ ಮೇಲೆಯೇ ಹಿಮ್ಮುಖವಾಗಿ ಮಗುಚುತ್ತದೆ. ಕ್ಲಚ್ಚು ಒತ್ತುವಷ್ಟು ಸಮಯವೂ ಸಿಗುವುದಿಲ್ಲ. ಎಳೆಯುವುದೇನಿದ್ದರೂ ಕೆಳಗಿನ ಎಳೆಪಟ್ಟಿಗೆ ಮಾತ್ರ ಕಟ್ಟತಕ್ಕದ್ದು. ದೊಡ್ಡ ಬೊಡ್ಡೆಯ ಗೋಜಿಗೆ ಹೋಗಲೇಬಾರದು.

ಇನ್ನು ಬೇಸಾಯದ ಟ್ರ್ಯಾಕ್ಟರು. ಅಂಗಡಿಯವರು ಹೇಳುವ ಅಶ್ವಶಕ್ತಿ ಎಂಜಿನ್ನಿನದು. ಅದೆಲ್ಲವೂ ನೇಗಿಲಿಗೆ ಮುಟ್ಟುವುದಿಲ್ಲ. ಗೇರುಗಳಲ್ಲಿ ಸ್ವಲ್ಪ, ಗಾಲಿ ಜಾರುವುದರಲ್ಲಿ ಬಹಳಷ್ಟು ಸೋರಿಹೋಗಿ, ಮೆತ್ತನೆಯ ಹೊಲದಲ್ಲಿ ಎಳೆಯುವುದಕ್ಕೆ ಉಳಿಯುವುದು ಸುಮಾರು ಅರ್ಧ. ಬೇಕಾದ ಶಕ್ತಿಯನ್ನು ವಾಚಕರು ತಾವೇ ಲೆಕ್ಕ ಹಾಕಬಹುದು. ಎರಡು ಫಾಳದ ನೇಗಿಲು 60 ಸೆಂಟಿಮೀಟರು ಅಗಲ, 20 ಸೆಂಟಿಮೀಟರು ಆಳ ಉತ್ತರೆ ಕೊಯ್ಯುವ ಮಣ್ಣಿನ ಮುಖ 1,200 ಚದರ ಸೆಂಟಿಮೀಟರು. ಮಸಾರಿ ಮಣ್ಣು ಚದರ ಸೆಂಟಿಮೀಟರಿಗೆ ಅರ್ಧ ಕಿಲೋದಷ್ಟು ತಡೆ ಒಡ್ಡುತ್ತದೆಂದುಕೊಂಡರೆ ಒಟ್ಟು ಎಳೆತ 600 ಕಿಲೋ. ಬಿಗಿಯಾದ ಎರೆಯಲ್ಲಿ ತಡೆ 0.9 ಕಿಲೋ ಎಂದರೆ ಎಳೆತ 1,080 ಕಿಲೋ. ಎಳೆತವನ್ನು ತಾಸಿನ ವೇಗದಿಂದ ಗುಣಿಸಿ 270ರಿಂದ ಭಾಗಿಸಿದರೆ ಅಶ್ವಶಕ್ತಿ ಬರುತ್ತದೆ. ತಾಸಿಗೆ 4 ಕಿಲೋಮೀಟರು ವೇಗದಲ್ಲಿ ಮಸಾರಿಗೆ ಸುಮಾರು 9, ಎರೆಗೆ 16. ಅದನ್ನು ಇಮ್ಮಡಿ ಮಾಡಿ, ಐದರಲ್ಲೊಂದು ಪಾಲು ಮೀಸಲು ಕೂಡಿಸಿದರೆ ಮಸಾರಿಗೆ 21 ಅಥವಾ 22, ಎರೆಗೆ ಸುಮಾರು 40 ಅಶ್ವಶಕ್ತಿಯ ಎಂಜಿನ್ನು ಬೇಕೆಂದಾಯಿತು. ಒಂದೇ ನೇಗಿಲು, ಒಂದೇ ಆಳ. ಮಣ್ಣು ಬದಲಾದ ಮಾತ್ರಕ್ಕೆ ಲೆಕ್ಕ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಆದಕಾರಣ ನೆರೆಯವನ ಟ್ರ್ಯಾಕ್ಟರನ್ನು ನೋಡುವ ಮುನ್ನ ನಮ್ಮ ಮಣ್ಣನ್ನು ನೋಡಬೇಕು. ಬೀದರಿನ ಕೆಂಪು ಜಂಬುಮಣ್ಣಿಗೆ ಸಲ್ಲುವುದು ರಾಯಚೂರಿನ ಎರೆಗೆ ಸಲ್ಲದು.

ಶಕ್ತಿಯ ಜೊತೆಗೆ ತೂಕವನ್ನೂ ಗಮನಿಸಬೇಕು. ಹದಿನೆಂಟು ಅಶ್ವಶಕ್ತಿಯ ಕಿರು ಟ್ರ್ಯಾಕ್ಟರು ಸುಮಾರು 800 ಕಿಲೋ ತೂಗುತ್ತದೆ. ತನ್ನ ತೂಕಕ್ಕಿಂತ ಹೆಚ್ಚಿನದನ್ನು ಅದು ಎರೆಯಲ್ಲಿ ಎಳೆಯಲಾರದು. ಎಂಜಿನ್ನಿನಲ್ಲಿ ಬಲವಿದ್ದರೂ ಗಾಲಿ ನಿಂತಲ್ಲೇ ಸುತ್ತುತ್ತದೆ. ನಾಲ್ಕೂ ಗಾಲಿಗೆ ಚಾಲನೆಯಿದ್ದರೆ ಸ್ವಲ್ಪ ಅನುಕೂಲವೇ ಹೊರತು ಪವಾಡವಿಲ್ಲ. ಆದರೆ ದ್ರಾಕ್ಷಿ, ದಾಳಿಂಬೆ, ಮಾವಿನ ಸಾಲುಗಳ ನಡುವೆ, ಕಾಯಿಪಲ್ಲೆಯ ತುಂಡು ಭೂಮಿಯಲ್ಲಿ, ಇಂತಹ ಕಿರು ಯಂತ್ರಕ್ಕೆ ಸಮನಾದುದಿಲ್ಲ. ಎರಡು ಮೂರು ಎಕರೆಯ ನೀರಾವರಿ ತೋಟಕ್ಕೆ ಕೈಹಿಡಿಯ ಪವರ್ ಟಿಲ್ಲರೇ ಸಾಕು. 1967ರಲ್ಲಿ ಆರಂಭವಾದ ಬೆಂಗಳೂರಿನ ವಿ.ಎಸ್.ಟಿ. ಕಂಪನಿ ಇದಕ್ಕೆ ಹೆಸರಾದದ್ದು.

ಹಾಗಾದರೆ ದೊಡ್ಡದನ್ನೇ ಕೊಂಡರೆ ಕ್ಷೇಮವೇ? ಅದೂ ಅಲ್ಲ. ಎರೆ ಭೂಮಿ ಹಸಿಯಾದಾಗ ಉಬ್ಬಿ ಅಂಟು, ಒಣಗಿದಾಗ ಬಿರಿದು ಕಲ್ಲು. ಹದ ಇರುವುದು ನಡುವಿನ ಕೆಲವೇ ದಿನ. ಹಸಿಯಲ್ಲಿ ಭಾರಿ ಯಂತ್ರ ಓಡಾಡಿದರೆ ಕೆಳಪದರ ಒತ್ತಿಹೋಗಿ ಬೇರು ಇಳಿಯದು. 1972ರಲ್ಲಿ ನಮ್ಮ ನಗರದ ಪಕ್ಕದ ಪಟಾಂಚೆರುವಿನಲ್ಲಿ ಸ್ಥಾಪಿತವಾದ ಇಕ್ರಿಸಾಟ್ ಸಂಸ್ಥೆಯ ವಿಜ್ಞಾನಿಗಳು ಎರೆ ನೆಲಕ್ಕೆ ತೋರಿಸಿದ ದಾರಿ ಇದೇ: ಹಿಂಗಾರಿ ಬೆಳೆ ಕೊಯ್ದೊಡನೆ, ಮಣ್ಣು ಪೂರಾ ಗಟ್ಟಿಯಾಗುವ ಮುನ್ನವೇ ಉಳುಮೆ ಮುಗಿಸಿ, ಅಗಲ ಮಡಿ ಮತ್ತು ಸಾಲುಗಾಲುವೆಗಳನ್ನು ಸಿದ್ಧಮಾಡಿಟ್ಟುಕೊಳ್ಳುವುದು. ಅವರು ಅದನ್ನು ಎತ್ತುಗಳು ಎಳೆಯುವ ಗಾಲಿಯ ಸಲಕರಣೆಯಿಂದಲೇ ಮಾಡಿ ತೋರಿಸಿದರೆಂಬುದು ಗಮನಾರ್ಹ. ಒಂದು ಜೋಡಿ ಎತ್ತಿನ ಬಲ ಸುಮಾರು ಒಂದೇ ಅಶ್ವಶಕ್ತಿ. ಸಕಾಲದಲ್ಲಿ ಮಾಡಿದ ಕೆಲಸಕ್ಕೆ ಕಡಿಮೆ ಬಲ ಸಾಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಎಕರೆಯ ಲೆಕ್ಕವನ್ನೂ ನೋಡೋಣ. ಮೇಲೆ ಹೇಳಿದ ಎರಡು ಫಾಳದ ನೇಗಿಲು, ತಿರುವುಗಳಲ್ಲಿ ಕಳೆಯುವ ಹೊತ್ತನ್ನು ಬಿಟ್ಟು, ತಾಸಿಗೆ ಅರ್ಧ ಎಕರೆಗೂ ತುಸು ಕಡಿಮೆ ಉಳುತ್ತದೆ. ಇಪ್ಪತ್ತು ಎಕರೆಗೆ 45 ತಾಸು. ಒಂಬತ್ತು ಹಲ್ಲಿನ ಕಲ್ಟಿವೇಟರು ಅದೇ ಇಪ್ಪತ್ತು ಎಕರೆಯನ್ನು ಸುಮಾರು 11 ತಾಸಿನಲ್ಲಿ ಮುಗಿಸುತ್ತದೆ. ನೇಗಿಲು, ಕಲ್ಟಿವೇಟರು, ಬಿತ್ತನೆ, ಎಡೆ, ಸಾಗಾಣಿಕೆ ಎಲ್ಲ ಸೇರಿದರೂ ಇಪ್ಪತ್ತು ಎಕರೆಯ ಒಣ ಬೇಸಾಯಕ್ಕೆ ವರ್ಷಕ್ಕೆ ಇನ್ನೂರು ತಾಸು ದಾಟುವುದು ಕಷ್ಟ. ಟ್ರ್ಯಾಕ್ಟರಿನ ಖರ್ಚನ್ನು ಲೆಕ್ಕ ಹಾಕುವಾಗ ಕೃಷಿ ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವುದು ವರ್ಷಕ್ಕೆ 1,000 ತಾಸಿನ ದುಡಿಮೆ. ಮಿಕ್ಕ ಎಂಟುನೂರು ತಾಸು ಬಾಡಿಗೆಗೆ ಓಡಿಸಲು ಊರಿನಲ್ಲಿ ನಂಬಿಗಸ್ತ ಚಾಲಕನಿದ್ದರೆ ಸರಿ. ಇಲ್ಲದಿದ್ದರೆ ಯಂತ್ರ ಕೊಟ್ಟಿಗೆಯಲ್ಲಿ ನಿಂತಿರುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

ಒಟ್ಟಿನ ಅಭಿಪ್ರಾಯ ಹೀಗೆ. ಐದು ಎಕರೆಯೊಳಗಿನವರು ಟ್ರ್ಯಾಕ್ಟರು ಕೊಳ್ಳದೆ ಬಾಡಿಗೆ ಹಿಡಿಯುವುದು ಮೇಲು. ಕರ್ನಾಟಕದಲ್ಲಿ ಕೃಷಿ ಯಂತ್ರಧಾರೆ ಎಂಬ ಬಾಡಿಗೆ ಕೇಂದ್ರಗಳೇ ಇವೆ. ತೋಟಕ್ಕೆ 18ರಿಂದ 25, ಮಸಾರಿ ಹೊಲಕ್ಕೆ 25ರಿಂದ 35, ಎರೆ ಹೊಲಕ್ಕೆ 40ರಿಂದ 45 ಅಶ್ವಶಕ್ತಿ ಸಾಕು. ಐದು ಅಡಿಯ ರೋಟವೇಟರು ಬೇಕೆನ್ನುವವರಿಗೂ 40ರ ಆಸುಪಾಸು ಹೊಂದುತ್ತದೆ; ಆದರೆ ಜೇಕು, ಕರಿಕೆ ಹಬ್ಬಿದ ಹೊಲದಲ್ಲಿ ರೋಟವೇಟರು ಗಡ್ಡೆ ಬೇರುಗಳನ್ನು ತುಂಡರಿಸಿ ಎಲ್ಲೆಡೆ ನೆಟ್ಟಂತೆ ಮಾಡುತ್ತದೆಂಬುದು ನೆನಪಿರಲಿ. ಮಧ್ಯಪ್ರದೇಶದ ಬುದನಿ, ಅನಂತಪುರದ ಗಾರ್ಲದಿನ್ನೆಗಳಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆಗಳು ಯಂತ್ರಗಳನ್ನು ಪರೀಕ್ಷಿಸಿ ವರದಿ ಕೊಡುತ್ತವೆ. ಎಳೆಯುವ ಬಲವೆಷ್ಟು, ಡೀಸೆಲ್ ಎಷ್ಟು ಎಂಬುದನ್ನು ಅಂಗಡಿಯ ಚಿತ್ರಪಟದಲ್ಲಿ ನೋಡದೆ ಆ ವರದಿಯಲ್ಲಿ ನೋಡಬೇಕು.

ಇಷ್ಟಾದರೂ ಮನಸ್ಸು ಡೋಲಾಯಮಾನವಾಗಿದ್ದರೆ ಸುಲಭ ಉಪಾಯವೊಂದುಂಟು. ಕೊಳ್ಳಬೇಕೆಂದಿರುವ ಅಳತೆಯ ಟ್ರ್ಯಾಕ್ಟರನ್ನೇ ಒಂದು ಹಂಗಾಮು ಬಾಡಿಗೆಗೆ ಹಿಡಿದು, ತಮ್ಮ ಹೊಲದಲ್ಲೇ ಓಡಿಸಿ, ತಾಸು ಮತ್ತು ಡೀಸೆಲ್ಲನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ಮುಂದಿನ ಯುಗಾದಿಯ ಹೊತ್ತಿಗೆ ಆ ಪುಸ್ತಕವೇ ಉತ್ತರ ಹೇಳುತ್ತದೆ. ಅಷ್ಟರವರೆಗೆ ಹೊಲದ ಕಾಗದಪತ್ರ ಮನೆಯ ಪೆಟ್ಟಿಗೆಯಲ್ಲೇ ಇರಲಿ.